ಪ್ರಬೋಧನೆಯನ್ನು ತೂಗುವ ತಕ್ಕಡಿ

ಭಾನುವಾರದ ದಿವ್ಯ ಬಲಿಪೂಜೆ ಮುಗಿದು ಜನರು ದೇವಾಲಯದ ಹೊಸ್ತಿಲು ದಾಟುತ್ತಿರುವಂತೆಯೇ ಒಂದು ಪ್ರಶ್ನೆ ಸಹಜವಾಗಿ ಹುಟ್ಟಿಕೊಳ್ಳುತ್ತದೆ: ಇಂದಿನ ಪ್ರಬೋಧನೆ ಹೇಗಿತ್ತು? ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಚೆನ್ನಾಗಿತ್ತು, ತುಸು ಉದ್ದವಾಯಿತು, ಸ್ವಾಮಿಯವರು ಯಾರನ್ನೋ ಚುಚ್ಚಿ ಮಾತನಾಡಿದಂತಿತ್ತು, ಹಿಂದಿನ ಸ್ವಾಮಿಯವರಂತೆ ಹೇಳಲು ಯಾರಿಂದಲೂ ಆಗದು. ಮನೆ ತಲುಪಿ ತಿಂಡಿಗೆ ಕೂರುವಷ್ಟರಲ್ಲಿ ಈ ವಿಮರ್ಶೆಯೂ ಮುಗಿದಿರುತ್ತದೆ, ಪ್ರಬೋಧನೆಯೂ ಮರೆತುಹೋಗಿರುತ್ತದೆ.

ಹೀಗೆ ವಿಮರ್ಶಿಸುವುದೇ ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೇಳುವವನಿಗೆ ತೂಗಿ ನೋಡುವ ಹಕ್ಕು ಇದೆ. ಪೌಲ ಮತ್ತು ಸೀಲರು ಬೆರೋಯ ಪಟ್ಟಣದಲ್ಲಿ ಬೋಧಿಸಿದಾಗ ಅಲ್ಲಿಯ ಜನರು ಆ ಬೋಧನೆಯನ್ನು ಆಸಕ್ತಿಯಿಂದ ಸ್ವೀಕರಿಸಿದುದಲ್ಲದೆ, ಅದು ಸರಿಯೇ ಎಂದು ದಿನವೂ ಪವಿತ್ರ ಗ್ರಂಥವನ್ನು ಪರಿಶೀಲಿಸುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಅವರನ್ನು ಮೆಚ್ಚಿ ದಾಖಲಿಸಿವೆ. ಪ್ರಶ್ನೆ ಇರುವುದು ತೂಗಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಯಾವ ತಕ್ಕಡಿಯಲ್ಲಿ ತೂಗುತ್ತೇವೆ ಎಂಬುದರಲ್ಲಿ. ಧರ್ಮಸಭೆಯ ಆರಾಧನೆ ಮತ್ತು ಬದುಕನ್ನೇ ವಿಷಯವಾಗಿ ಉಳ್ಳ ಒಂದು ಪ್ರಬೋಧನೆಯನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡುವುದು ಉಪಯುಕ್ತ. ಅದಕ್ಕಾಗಿ ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2022ರ ಅಕ್ಟೋಬರ್ 11ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ನೀಡಿದ ಪ್ರಬೋಧನೆಯನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭಗೊಂಡು 60 ವರ್ಷ ತುಂಬಿದ ದಿನವದು. 1965ರ ಡಿಸೆಂಬರ್ 8ರಂದು ಮುಕ್ತಾಯಗೊಂಡ ಆ ಮಹಾಸಭೆಯ ಫಲವನ್ನು ನಾವು ಪ್ರತಿ ಭಾನುವಾರ ಉಣ್ಣುತ್ತಿದ್ದೇವೆ. ಅದರ ಹೆಸರಿನಲ್ಲಿ ಹುಟ್ಟಿದ ಜಗಳಗಳನ್ನೂ ಕಾಣುತ್ತಿದ್ದೇವೆ. ಆದುದರಿಂದ ಆ ಪ್ರಬೋಧನೆ ಹಳೆಯದಾಗಿಲ್ಲ.

ತಕ್ಕಡಿ ಯಾವುದು?

ಮೊದಲು ತಕ್ಕಡಿಯನ್ನು ಸರಿಪಡಿಸಿಕೊಳ್ಳೋಣ. ಪ್ರಬೋಧನೆ ಎಂಬುದು ಬಲಿಪೂಜೆಯ ನಡುವೆ ಸೇರಿಸಿದ ಒಂದು ಭಾಷಣವಲ್ಲ. ದೈವಾರಾಧನೆಯನ್ನು ಕುರಿತ ಮಹಾಸಭೆಯ ಸಂವಿಧಾನವು ಪ್ರಬೋಧನೆಯನ್ನು ಆರಾಧನಾ ವಿಧಿಯ ಒಂದು ಅಂಗವೆಂದೇ ಗುರುತಿಸಿದೆ. ಅಂಗವಾದ ಮೇಲೆ ಅದು ಇಡೀ ದೇಹಕ್ಕಾಗಿ ಇರತಕ್ಕದ್ದು. ವಾಚನಗಳ ಪೀಠದಿಂದ ಬಲಿಪೀಠದ ಕಡೆಗೆ ಜನರನ್ನು ಕರೆದೊಯ್ಯುವುದು ಅದರ ಕೆಲಸ. ಎಮ್ಮಾವುಸಿನ ದಾರಿಯಲ್ಲಿ ಪ್ರಭು ಯೇಸು ಇಬ್ಬರು ಶಿಷ್ಯರಿಗೆ ಮೊದಲು ಪವಿತ್ರ ಗ್ರಂಥವನ್ನು ವಿವರಿಸಿದರು, ಆಮೇಲೆ ರೊಟ್ಟಿಯನ್ನು ಮುರಿದರು. ಕಣ್ಣು ತೆರೆದದ್ದು ರೊಟ್ಟಿ ಮುರಿಯುವಾಗ; ಆದರೆ ಹೃದಯ ಬೆಚ್ಚಗಾದದ್ದು ದಾರಿಯ ಮಾತಿನಲ್ಲಿ. ಪ್ರಬೋಧನೆಯ ಸ್ಥಾನ ಇಷ್ಟೇ, ಇದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ನಾಲ್ಕನೆಯ ಭಾಗದಲ್ಲಿ ರೋಮಿನ ವಾಗ್ಮಿ ಸಿಸೆರೋವಿನಿಂದ ಒಂದು ಸೂತ್ರವನ್ನು ಎರವಲು ಪಡೆಯುತ್ತಾರೆ. ಬೋಧಕನು ತಿಳಿಯಪಡಿಸಬೇಕು, ಮನಸ್ಸನ್ನು ತಣಿಸಬೇಕು, ಕಾರ್ಯಕ್ಕೆ ಪ್ರೇರಿಸಬೇಕು. ಈ ಮೂರರಲ್ಲಿ ತಿಳಿಯಪಡಿಸುವುದು ಅನಿವಾರ್ಯ, ತಣಿಸುವುದು ಜನರ ಗಮನವನ್ನು ಹಿಡಿದಿಡಲು, ಪ್ರೇರಣೆಯೇ ಗೆಲುವು. ನಮ್ಮ ಹೊಸ್ತಿಲ ಮೇಲಿನ ವಿಮರ್ಶೆ ಬಹುಮಟ್ಟಿಗೆ ಎರಡನೆಯದರಲ್ಲೇ ನಿಂತುಬಿಡುತ್ತದೆ ಎಂಬುದನ್ನು ಗಮನಿಸಬೇಕು. ಕಿವಿಗೆ ಇಂಪಾಯಿತೇ ಎಂದು ಕೇಳುತ್ತೇವೆ. ಕಾಲಿಗೆ ದಾರಿ ಸಿಕ್ಕಿತೇ ಎಂದು ಕೇಳುವುದಿಲ್ಲ.

ಜಗದ್ಗುರು ಫ್ರಾನ್ಸಿಸರೇ ಈ ವಿಷಯದಲ್ಲಿ ಬಹಳಷ್ಟು ಹೇಳಿದ್ದರು. 2013ರ ನವೆಂಬರಿನಲ್ಲಿ ಪ್ರಕಟವಾದ ಶುಭಸಂದೇಶದ ಆನಂದವನ್ನು ಕುರಿತ ತಮ್ಮ ಪ್ರಬೋಧನಾ ಪತ್ರದಲ್ಲಿ, ಪ್ರಬೋಧನೆಯು ಮನರಂಜನೆಯೂ ಅಲ್ಲ, ತರಗತಿಯ ಉಪನ್ಯಾಸವೂ ಅಲ್ಲ ಎಂದು ಎಚ್ಚರಿಸಿದರು. ಅದು ಉದ್ದವಾದಷ್ಟೂ ಪೂಜೆಯ ಲಯ ಕೆಡುತ್ತದೆ, ಪ್ರಭುವಿಗಿಂತ ಗುರುವೇ ಎದ್ದು ಕಾಣತೊಡಗುತ್ತಾನೆ ಎಂಬುದು ಅವರ ಕಳವಳ. 2024ರ ಜೂನ್ 12ರ ಸಾರ್ವಜನಿಕ ಭೇಟಿಯಲ್ಲಂತೂ ಪ್ರಬೋಧನೆ 8 ನಿಮಿಷ ಮೀರಬಾರದು, ಇಲ್ಲವಾದರೆ ಜನ ನಿದ್ದೆ ಹೋಗುತ್ತಾರೆ ಎಂದು ನೇರವಾಗಿಯೇ ನುಡಿದರು. ತ್ರೋವದಲ್ಲಿ ಪೌಲರ ದೀರ್ಘ ಬೋಧನೆ ಕೇಳುತ್ತಾ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದ ಯೂತಿಖನ ನೆನಪು ಇಲ್ಲಿ ಬಾರದಿರದು. ಅವನನ್ನು ಪುನಃ ಬದುಕಿಸಲು ಅಲ್ಲಿ ಪೌಲರಿದ್ದರು. ಎಲ್ಲ ಧರ್ಮಕೇಂದ್ರಗಳಲ್ಲೂ ಪೌಲರಿರುವುದಿಲ್ಲ.

ಹಾಗಾದರೆ ಆರಾಧನೆಯನ್ನು ಕುರಿತ ಪ್ರಬೋಧನೆಗೆ ಮೂರು ಪ್ರಶ್ನೆಗಳನ್ನು ಹಾಕಬಹುದು. ಅದು ನಮ್ಮ ದೃಷ್ಟಿಯನ್ನು ನಮ್ಮ ಅಭಿರುಚಿಯಿಂದ ದೇವರ ಕಡೆಗೆ ತಿರುಗಿಸಿತೇ? ಪಕ್ಕದ ಬೆಂಚಿನಲ್ಲಿ ಕುಳಿತವನ ಕಡೆಗೆ ತಿರುಗಿಸಿತೇ? ನಾಳೆ ಮಾಡಬೇಕಾದ ಒಂದು ಕೆಲಸವನ್ನು ತೋರಿಸಿತೇ?

ಪ್ರಬೋಧನೆಯ ಹಿನ್ನೆಲೆ

2022ರ ಆ ದಿನದ ಮಾತಿಗೆ ಒಂದು ಹಿನ್ನೆಲೆ ಇದೆ. ಸಂತ ಇಪ್ಪತ್ತಮೂರನೆಯ ಜಾನ್‌ರವರು 1962ರ ಅಕ್ಟೋಬರ್ 11ರಂದು ಮಹಾಸಭೆಯನ್ನು ಉದ್ಘಾಟಿಸಿದರು. ದೈವಾರಾಧನೆಯ ಸಂವಿಧಾನ 1963ರ ಡಿಸೆಂಬರ್ 4ರಂದು ಅಂಗೀಕೃತವಾಯಿತು. ಪರವಾಗಿ ಬಿದ್ದ ಮತಗಳು 2,147. ವಿರೋಧವಾಗಿ ಕೇವಲ 4. ಇಷ್ಟೊಂದು ಒಮ್ಮತದಿಂದ ಹೊರಬಂದ ದಾಖಲೆಯೇ ಮುಂದೆ ಅಷ್ಟೊಂದು ಭಿನ್ನಮತಕ್ಕೆ ಕಾರಣವಾಯಿತೆಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು. ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಪೂಜೆ ಜನರ ಭಾಷೆಗೆ ಬಂದಿತು. ಗುರುಗಳು ಜನರ ಕಡೆ ಮುಖ ಮಾಡಿದರು. ಮೂಕಸಾಕ್ಷಿಗಳಂತೆ ಜಪಸರ ಹಿಡಿದು ಕೂರುತ್ತಿದ್ದ ಜನ ಉತ್ತರ ಹೇಳತೊಡಗಿದರು, ವಾಚನ ಓದತೊಡಗಿದರು, ಹಾಡತೊಡಗಿದರು.

ಆದರೆ ಹಳೆಯ ವಿಧಿಯ ಮೌನದಲ್ಲಿ ದೇವರನ್ನು ಕಂಡಿದ್ದ ಕೆಲವರಿಗೆ ಇದು ಮನೆಯ ಹಿರಿಯರ ಪೆಟ್ಟಿಗೆಯನ್ನು ಬೀದಿಗೆ ಎಸೆದಂತೆ ಭಾಸವಾಯಿತು. ಇನ್ನು ಕೆಲವರಿಗೆ ಈ ಬದಲಾವಣೆ ಸಾಲದಾಯಿತು. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಹಳೆಯ ವಿಧಿಯ ಬಳಕೆಗೆ ವಿಶಾಲ ಅವಕಾಶ ನೀಡಿದರು. ಆ ಅವಕಾಶ ಕೆಲವೆಡೆ ಮಹಾಸಭೆಯನ್ನೇ ಅಲ್ಲಗಳೆಯುವ ಗುಂಪುಗಾರಿಕೆಗೆ ಆಸರೆಯಾಗುತ್ತಿದೆ ಎಂದು ಕಂಡುಕೊಂಡ ಫ್ರಾನ್ಸಿಸ್‌ರವರು 2021ರ ಜುಲೈ 16ರಂದು ಅದನ್ನು ಬಿಗಿಗೊಳಿಸಿದರು. ಹೀಗೆ ಗಾಯ ಇನ್ನೂ ಹಸಿಯಾಗಿದ್ದಾಗಲೇ ಈ 60ನೆಯ ವಾರ್ಷಿಕೋತ್ಸವದ ಪ್ರಬೋಧನೆ ನಡೆಯಿತು.

ಮೂರು ನೋಟಗಳು

ಅಂದಿನ ಶುಭಸಂದೇಶ ಸಂತ ಯೊವಾನ್ನರದು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭು ಪೇತ್ರನನ್ನು ಮೂರು ಬಾರಿ ಪ್ರೀತಿಯ ಬಗ್ಗೆ ಪ್ರಶ್ನಿಸಿ, ಮೂರು ಬಾರಿ ತಮ್ಮ ಕುರಿಗಳನ್ನು ಅವನಿಗೆ ಒಪ್ಪಿಸುವ ಪ್ರಸಂಗ. ಫ್ರಾನ್ಸಿಸ್‌ರವರು ಈ ಪ್ರಸಂಗದಿಂದ ಮೂರು ನೋಟಗಳನ್ನು ಹೊರತೆಗೆದರು.

ಮೊದಲನೆಯದು ಮೇಲಿನಿಂದ ನೋಡುವ ನೋಟ. ನನ್ನನ್ನು ಪ್ರೀತಿಸುವೆಯಾ ಎಂಬ ಪ್ರಶ್ನೆಯೇ ಧರ್ಮಸಭೆಯ ಆರಂಭ. ನಮ್ಮ ಯೋಜನೆ, ನಮ್ಮ ಕಾರ್ಯಸೂಚಿ, ನಮ್ಮ ಅಭಿರುಚಿಗಳಿಂದಲ್ಲ, ದೇವರ ಪ್ರೀತಿಯಿಂದ ಅದನ್ನು ನೋಡಬೇಕು. ಕಾಲದ ಹೊಸ ರೂಢಿಗಳ ಹಿಂದೆ ಓಡುವ ಪ್ರಗತಿವಾದವೂ, ಕಳೆದುಹೋದ ಲೋಕಕ್ಕಾಗಿ ಹಂಬಲಿಸುವ ಸಂಪ್ರದಾಯವಾದವೂ ಪ್ರೀತಿಯ ಲಕ್ಷಣಗಳಲ್ಲ, ಎರಡೂ ನಿಷ್ಠೆಗೇಡಿತನಗಳೇ ಎಂದು ಅವರು ಸಾರಿದರು.

ಎರಡನೆಯದು ನಡುವಿನಿಂದ ನೋಡುವ ನೋಟ. ಕುರಿಗಳನ್ನು ಮೇಯಿಸುವವನು ಮಂದೆಯ ಮೇಲೆ ಸಿಂಹಾಸನ ಹಾಕಿ ಕೂರುವುದಿಲ್ಲ, ಮಂದೆಯ ನಡುವೆ ನಡೆಯುತ್ತಾನೆ. ಗುರುಗಳ ದರ್ಪ ಮಂದೆಯನ್ನು ಕೊಲ್ಲುತ್ತದೆ. ಧರ್ಮಸಭೆ ಮಹಾಸಭೆಯನ್ನು ನಡೆಸಿದ್ದು ಕನ್ನಡಿಯಲ್ಲಿ ತನ್ನನ್ನು ನೋಡಿ ಮೆಚ್ಚಿಕೊಳ್ಳಲು ಅಲ್ಲ, ತನ್ನನ್ನು ಲೋಕಕ್ಕೆ ಕೊಟ್ಟುಕೊಳ್ಳಲು.

ಮೂರನೆಯದು ಸಮಗ್ರ ನೋಟ. ಪ್ರಭು ಒಪ್ಪಿಸಿದ್ದು ತಮ್ಮ ಎಲ್ಲ ಕುರಿಗಳನ್ನು, ಕೆಲವನ್ನಲ್ಲ. ಮಹಾಸಭೆಯ ನಂತರ ಎಷ್ಟೋ ಕ್ರೈಸ್ತರು ಪಕ್ಷ ಹಿಡಿದರು. ಎಲ್ಲರ ಸೇವಕರಾಗುವ ಬದಲು ತಮ್ಮ ತಂಡಕ್ಕೆ ಜಯಕಾರ ಹಾಕಿದರು; ತಾವು ಸತ್ಯದ ಕಾವಲುಗಾರರೆಂದೋ ಹೊಸತನದ ಹರಿಕಾರರೆಂದೋ ಮೆರೆದರು. ಇದರಿಂದ ತಾಯಿ ಧರ್ಮಸಭೆಯ ಹೃದಯ ಒಡೆಯುತ್ತಿದೆ ಎಂಬುದನ್ನು ಅವರು ಅರಿಯಲಿಲ್ಲ. ಒಡಕಿನ ಹಣಜಿಯನ್ನು ಬಿತ್ತುವುದು ಸೈತಾನನ ಕೆಲಸ ಎಂಬ ಎಚ್ಚರಿಕೆಯೊಡನೆ, ಐಕ್ಯಕ್ಕಾಗಿ ಪ್ರಾರ್ಥಿಸುತ್ತಾ ಜಗದ್ಗುರುಗಳು ತಮ್ಮ ಮಾತನ್ನು ಮುಗಿಸಿದರು.

ಈ ಪ್ರಬೋಧನೆಯ ಬಲ

ತೋರಿಕೆಗೆ ಇದು ಎರಡು ಕಡೆಯವರಿಗೂ ಸಮನಾಗಿ ಬೈದು ನಡುವೆ ನಿಂತ ಮಾತಿನಂತೆ ಕಾಣಬಹುದು. ಮನೆಯಲ್ಲಿ ಮಕ್ಕಳಿಬ್ಬರು ಜಗಳವಾಡಿದಾಗ ಇಬ್ಬರಿಗೂ ಒಂದೊಂದು ಪೆಟ್ಟು ಕೊಟ್ಟು ಅಡಿಗೆಮನೆಗೆ ಹೋಗುವ ತಾಯಿಯ ನ್ಯಾಯ ನಮಗೆಲ್ಲ ಗೊತ್ತು. ಆದರೆ ಇಲ್ಲಿ ನಡೆದದ್ದು ಅದಲ್ಲ. ಸತ್ಯವು ಎರಡು ತುದಿಗಳ ಮಧ್ಯಬಿಂದುವಿನಲ್ಲಿಯೇ ಇರಬೇಕೆಂಬ ನಿಯಮ ತರ್ಕಶಾಸ್ತ್ರದಲ್ಲಿಲ್ಲ. ಫ್ರಾನ್ಸಿಸ್‌ರವರೂ ಮಧ್ಯಬಿಂದುವನ್ನು ಹುಡುಕಲಿಲ್ಲ. ಅವರು ಎರಡೂ ತುದಿಗಳ ಬುಡಕ್ಕೆ ಇಳಿದು, ಅಲ್ಲಿ ಒಂದೇ ಬೇರನ್ನು ಕಂಡರು. ಆ ಬೇರಿಗೆ ಅವರು ಕೊಟ್ಟ ಹೆಸರು ಪೆಲಾಗಿಯನ್ ಸ್ವಾರ್ಥ.

ಈ ಹೆಸರು ನಮ್ಮ ಓದುಗರಿಗೆ ಅಪರಿಚಿತವಾಗಿರಬಹುದು. ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬ ಸನ್ಯಾಸಿಯ ಬೋಧನೆಯ ವಿರುದ್ಧ ಸಂತ ಅಗಸ್ಟೀನರು ದೊಡ್ಡ ವಾಗ್ವಾದ ನಡೆಸಿದರು. ಮನುಷ್ಯನು ತನ್ನ ಸಂಕಲ್ಪಬಲದಿಂದಲೇ ಒಳ್ಳೆಯವನಾಗಬಲ್ಲನು, ದೇವರ ವರಪ್ರಸಾದ ಮೊದಲು ಬರಬೇಕಾಗಿಲ್ಲ ಎಂಬುದು ಆ ಬೋಧನೆಯ ತಿರುಳು. ಆರಾಧನೆಗೆ ಇದನ್ನು ಅನ್ವಯಿಸಿದರೆ ಏನಾಗುತ್ತದೆ ನೋಡಿ. ಹಳೆಯ ವಿಧಿಯನ್ನು ಅಣುವಷ್ಟೂ ತಪ್ಪದೆ ನಡೆಸಿದ್ದರಿಂದ ಪೂಜೆ ಪವಿತ್ರವಾಯಿತು ಎನ್ನುವವನೂ, ಗಿಟಾರು ಮತ್ತು ಹೊಸ ಹಾಡುಗಳಿಂದ ಪೂಜೆಗೆ ಜೀವ ಬಂದಿತು ಎನ್ನುವವನೂ ಒಂದೇ ಮಾತನ್ನು ಹೇಳುತ್ತಿದ್ದಾರೆ: ಪೂಜೆಯನ್ನು ಪೂಜೆಯಾಗಿಸುವವರು ನಾವು. ಕಥೋಲಿಕ ವಿಶ್ವಾಸದ ಪ್ರಕಾರ ಬಲಿಪೂಜೆಯಲ್ಲಿ ಮೊದಲು ಕಾರ್ಯವೆಸಗುವವರು ಪ್ರಭು ಕ್ರಿಸ್ತರೇ. ನಾವು ಆಮಂತ್ರಿತರು. ಮದುವೆಯ ಊಟಕ್ಕೆ ಬಂದ ನೆಂಟರು ಅಡಿಗೆಯ ಬಗ್ಗೆ ತಮ್ಮತಮ್ಮಲ್ಲೇ ಕಾದಾಡಿ ಮದುಮಗನನ್ನೇ ಮರೆತಂತೆ ನಮ್ಮ ಸ್ಥಿತಿಯಾಗಬಾರದು.

ಹೀಗೆ ರೋಗದ ಲಕ್ಷಣವನ್ನು ಬಿಟ್ಟು ಮೂಲವನ್ನು ತೋರಿಸಿದ್ದು ಈ ಪ್ರಬೋಧನೆಯ ಹಿರಿಮೆ. ನಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಅದು ಚೆನ್ನಾಗಿ ಉತ್ತರಿಸಿದೆ. ದೃಷ್ಟಿ ನಮ್ಮಿಂದ ದೇವರೆಡೆಗೆ ತಿರುಗಿತು. ಆಮೇಲೆ ಪಕ್ಕದವನೆಡೆಗೂ ತಿರುಗಿತು.

ಎಲ್ಲಿ ಕೊರತೆ?

ಜಗದ್ಗುರುಗಳ ಪ್ರಬೋಧನೆಯಲ್ಲಿ ಕೊರತೆ ಹುಡುಕುವುದು ಅಗೌರವವೆಂದು ಯಾರೂ ಭಾವಿಸಬೇಕಾಗಿಲ್ಲ. ಗೌರವದಿಂದ ಕೇಳಿದವನೇ ಪ್ರಶ್ನಿಸಬಲ್ಲನು. ಇಲ್ಲಿ ಎರಡು ಮಾತು ಹೇಳಬೇಕಾಗಿದೆ.

ಮೊದಲನೆಯದು, ಪಕ್ಷಗಳ ಹೆಸರನ್ನು ಬಿಡಿರೆಂದು ಹೇಳುವ ಪ್ರಬೋಧನೆ ತಾನೇ ಆ ಹೆಸರುಗಳನ್ನು ಬಳಸಿತು. ಅದರಲ್ಲೂ ಸಂಪ್ರದಾಯವಾದಿಗಳನ್ನು ಕುರಿತು, ಹಿಂದಕ್ಕೆ ಹೆಜ್ಜೆ ಹಾಕುವವರೆಂಬ ಅರ್ಥದ, ಸ್ವಲ್ಪ ಚುಚ್ಚುವ ಶಬ್ದವೂ ಅಲ್ಲಿ ಇತ್ತು. ಹಳೆಯ ವಿಧಿಯನ್ನು ಆಯುಧವಾಗಿ ಹಿಡಿದವನೂ ಇದ್ದಾನೆ. ಅದರಲ್ಲಿ ತನ್ನ ಅಜ್ಜಿಯ ಭಕ್ತಿಯನ್ನು ಕಂಡು ಕಣ್ಣೊರಸಿಕೊಳ್ಳುವ ಮುಗ್ಧನೂ ಇದ್ದಾನೆ. ಇಬ್ಬರಿಗೂ ಒಂದೇ ಹೆಸರು ಬಿದ್ದರೆ ಮುಗ್ಧನು ಆಯುಧ ಹಿಡಿದವನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಹೆಸರಿಟ್ಟು ಕರೆದ ಕೂಡಲೇ ಕಿವಿ ಮುಚ್ಚಿಕೊಳ್ಳುವುದು ಮನುಷ್ಯ ಸ್ವಭಾವ.

ಎರಡನೆಯದು ಇನ್ನೂ ಮುಖ್ಯವಾದುದು. ಆರಾಧನೆಯ ಬಗೆಗಿನ ಜಗಳಗಳೆಲ್ಲ ಕೇವಲ ಅಭಿರುಚಿಯ ಜಗಳಗಳಲ್ಲ. ಕೆಲವು ನ್ಯಾಯದ ಜಗಳಗಳು. ಕೊರಿಂಥದ ಸಭೆಯಲ್ಲಿ ಎರಡು ಬಗೆಯ ಒಡಕುಗಳಿದ್ದವು. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಒಡಕು ಒಂದು. ಪ್ರಭುವಿನ ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗಿ, ಇಲ್ಲದವರು ಹಸಿದಿರುತ್ತಿದ್ದುದು ಇನ್ನೊಂದು. ಪೌಲರು ಮೊದಲನೆಯದಕ್ಕೆ ಪಕ್ಷ ಬಿಡಿರೆಂದರು. ಎರಡನೆಯದರಲ್ಲಿ ಅವರು ಎರಡೂ ಕಡೆಯವರನ್ನು ಸಮನಾಗಿ ಗದರಿಸಲಿಲ್ಲ; ಉಳ್ಳವರನ್ನೇ ಗದರಿಸಿದರು. ಜಗಳವಾಡಬೇಡಿ ಎಂಬ ಮಾತು ಹಸಿದವನಿಗೆ ಮಾತ್ರ ಕೇಳಿಸುವಂತಾದರೆ, ಅದು ಐಕ್ಯದ ಬೋಧನೆಯಾಗದೆ ಮೌನದ ಆಜ್ಞೆಯಾಗಿಬಿಡುತ್ತದೆ. ಈ ವಿವೇಚನೆಗೆ 2022ರ ಪ್ರಬೋಧನೆಯಲ್ಲಿ ಸ್ಥಳ ಸಾಕಷ್ಟು ಸಿಗಲಿಲ್ಲ. ಆಗಿನ್ನೂ ನಡೆಯುತ್ತಿದ್ದು 2024ರ ಅಕ್ಟೋಬರಿನಲ್ಲಿ ಮುಗಿದ, ಎಲ್ಲರ ಮಾತನ್ನೂ ಆಲಿಸುವ ಸಿನೋದ್ ಪ್ರಕ್ರಿಯೆಯಲ್ಲಿ ಅದಕ್ಕೆ ಉತ್ತರ ಹುಡುಕಲಾಗುತ್ತಿತ್ತು ಎಂಬುದು ನಿಜ. ಆದರೆ ಬೆಂಚಿನಲ್ಲಿ ಕುಳಿತವನಿಗೆ ಮೂರನೆಯ ಪ್ರಶ್ನೆಯ ಉತ್ತರ, ಅಂದರೆ ನಾಳೆಯ ಕೆಲಸ, ಸ್ಪಷ್ಟವಾಗಲಿಲ್ಲ.

ಅದೇ ವಾಕ್ಯ, ಇನ್ನೊಬ್ಬ ಜಗದ್ಗುರು

ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಮೇ 8ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಆಯ್ಕೆಯಾದರು. ಮೇ 18ರ ಅವರ ಅಧಿಕಾರಾರಂಭದ ಬಲಿಪೂಜೆಯಲ್ಲಿ ಓದಲಾದ ಶುಭಸಂದೇಶವೂ ಸರೋವರದ ದಡದ ಅದೇ ಪ್ರಸಂಗ. ಅದೇ ವಾಕ್ಯವನ್ನು ಇಬ್ಬರು ಹೇಗೆ ವಿವರಿಸಿದರೆಂದು ಹೋಲಿಸುವುದು ಬೋಧಪ್ರದ.

ಲಿಯೋರವರು ಪ್ರೀತಿ ಮತ್ತು ಐಕ್ಯ ಎಂಬ ಎರಡು ಶಬ್ದಗಳಲ್ಲಿ ಪೇತ್ರನ ಸೇವೆಯನ್ನು ಸಂಗ್ರಹಿಸಿದರು. ಮೂಲ ಗ್ರೀಕ್ ಭಾಷೆಯಲ್ಲಿ ಪ್ರಭು ಕೇಳುವ ಪ್ರೀತಿಯ ಶಬ್ದ ಬೇರೆ, ಪೇತ್ರ ಉತ್ತರಿಸುವ ಶಬ್ದ ಬೇರೆ ಎಂಬುದನ್ನು ಅವರು ನೆನಪಿಸಿದರು. ಪ್ರಭು ಕೇಳುವುದು ತನ್ನನ್ನೇ ಕೊಟ್ಟುಕೊಳ್ಳುವ ದೈವಿಕ ಪ್ರೀತಿಯನ್ನು. ಪೇತ್ರ ಕೊಡಲು ಸಾಧ್ಯವಾಗುವುದು ಸ್ನೇಹದ ಪ್ರೀತಿಯನ್ನು. ದೇವರ ಪ್ರೀತಿಯನ್ನು ಮೊದಲು ಅನುಭವಿಸಿದವನು ಮಾತ್ರ ಮಂದೆಯನ್ನು ಕಾಯಬಲ್ಲನು. ಧರ್ಮಸಭೆಯ ಅಧಿಕಾರ ಬಲಾತ್ಕಾರದಿಂದಾಗಲಿ ಪ್ರಚಾರದಿಂದಾಗಲಿ ಇತರರನ್ನು ಸೆರೆಹಿಡಿಯುವುದಲ್ಲ ಎಂದು ಅವರು ಹೇಳಿದರು. ಐಕ್ಯಗೊಂಡ ಧರ್ಮಸಭೆಯೇ ತಮ್ಮ ಮೊದಲ ಮಹದಾಸೆ ಎಂದರು.

ಫ್ರಾನ್ಸಿಸ್‌ರವರ ಮಾತು ಶಸ್ತ್ರವೈದ್ಯನ ಕತ್ತಿಯಂತೆ ಗಾಯವನ್ನು ತೆರೆದಿತು. ಲಿಯೋರವರ ಮಾತು ಗಾಯದ ಮೇಲೆ ಎಣ್ಣೆ ಸವರಿತು. ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಪು ನೀಡುವವರು ತಾವೇ ಪಕ್ಷ ಹಿಡಿದಂತಾಗುತ್ತದೆ. ಕತ್ತಿ ಮುಟ್ಟದ ಕೀವಿನ ಮೇಲೆ ಎಣ್ಣೆ ಸವರಿದರೆ ಪ್ರಯೋಜನವಿಲ್ಲ; ಎಣ್ಣೆ ಕಾಣದ ಗಾಯ ಮಾಯುವುದೂ ಇಲ್ಲ.

ನೆರೆಯಲ್ಲಿ ಮತ್ತು ನಮ್ಮಲ್ಲಿ

ಪ್ರಬೋಧನೆಯಿಂದಲೇ ಎಲ್ಲವೂ ಸರಿಹೋಗದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೇರಳದ ಸಿರೋ ಮಲಬಾರ್ ಧರ್ಮಸಭೆಯಲ್ಲಿ, ಪೂಜೆಯ ಯಾವ ಭಾಗದಲ್ಲಿ ಗುರುಗಳು ಜನರ ಕಡೆಗೆ, ಯಾವ ಭಾಗದಲ್ಲಿ ಬಲಿಪೀಠದ ಕಡೆಗೆ ಮುಖ ಮಾಡಬೇಕು ಎಂಬುದನ್ನು 2021ರ ಆಗಸ್ಟಿನಲ್ಲಿ ಅದರ ಸಿನೋದ್ ನಿರ್ಧರಿಸಿತು. ಎರ್ನಾಕುಲಂ ಅಂಗಮಾಲಿ ಮಹಾಧರ್ಮಕ್ಷೇತ್ರದ ಬಹಳಷ್ಟು ಗುರುಗಳು ಮತ್ತು ಜನರು ಅದನ್ನು ಒಪ್ಪಲಿಲ್ಲ. ಪಕ್ಷ ಹಿಡಿಯಬೇಡಿರೆಂದು ರೋಮಿನಲ್ಲಿ ಆ ಪ್ರಬೋಧನೆ ನಡೆದ ಎರಡೇ ತಿಂಗಳಿಗೆ, 2022ರ ಕ್ರಿಸ್ತಜಯಂತಿಯ ಮುನ್ನಾದಿನಗಳಲ್ಲಿ, ಎರ್ನಾಕುಲಂನ ಪ್ರಧಾನಾಲಯದೊಳಗೆ ಬಲಿಪೀಠದ ಎದುರಿನಲ್ಲೇ ನೂಕಾಟ ನಡೆಯಿತು. 2023ರ ಡಿಸೆಂಬರಿನಲ್ಲಿ ಜಗದ್ಗುರುಗಳು ಸ್ವತಃ ಅವರಿಗಾಗಿ ವಿಡಿಯೊ ಸಂದೇಶ ಕಳುಹಿಸಿದರು. ಅಷ್ಟಕ್ಕೂ ಜಗಳ ತಣಿಯಲಿಲ್ಲ. ಕೊನೆಗೆ ದಾರಿ ಕಂಡದ್ದು ಮೇಜಿನ ಸುತ್ತ ಕುಳಿತು ಮಾತನಾಡಿದಾಗ. 2025ರ ಜುಲೈ 3ರಿಂದ ಭಾನುವಾರಗಳಲ್ಲಿ ಪ್ರತಿ ಧರ್ಮಕೇಂದ್ರದಲ್ಲಿ ಕನಿಷ್ಠ ಒಂದು ಪೂಜೆಯನ್ನಾದರೂ ಸಿನೋದ್ ಹೇಳಿದಂತೆ ನಡೆಸುವ ಹೊಂದಾಣಿಕೆಗೆ ಬರಲಾಯಿತು.

ನಮ್ಮ ನಾಡಿನ ಕಡೆಗೆ ನೋಡಿದರೆ, ಇಲ್ಲಿಯ ಪ್ರಶ್ನೆ ಮುಖ ಯಾವ ಕಡೆಗೆ ಎಂಬುದಲ್ಲ. ಬಾಯಿ ಯಾವ ಭಾಷೆಯಲ್ಲಿ ಎಂಬುದು. ಲತೀನ್ ಇದ್ದಾಗ ಎಲ್ಲರಿಗೂ ಸಮಾನವಾಗಿ ಅರ್ಥವಾಗುತ್ತಿರಲಿಲ್ಲ. ಆ ಸಮಾನತೆಯೇ ಒಂದು ಬಗೆಯ ಶಾಂತಿಯಾಗಿತ್ತು. ಮಹಾಸಭೆ ಜನಭಾಷೆಗೆ ಬಾಗಿಲು ತೆರೆದಾಗ, ಕನ್ನಡ, ಕೊಂಕಣಿ, ತಮಿಳು, ಮಲಯಾಳ, ಇಂಗ್ಲಿಷ್ ಆಡುವ ಜನ ಒಂದೇ ಸೂರಿನಡಿ ಇರುವ ಬೆಂಗಳೂರಿನಂತಹ ನಗರದಲ್ಲಿ ಜನಭಾಷೆ ಎಂದರೆ ಯಾವ ಜನರ ಭಾಷೆ ಎಂಬ ಪ್ರಶ್ನೆ ಎದ್ದಿತು. ದಶಕಗಳು ಕಳೆದರೂ ಅದರ ಕಾವು ಪೂರ್ತಿ ಆರಿಲ್ಲ. ಈ ನೆಲದ ಭಾಷೆಯಲ್ಲಿ ದೇವರ ವಾಕ್ಯ ಕೇಳಬೇಕೆಂದು ಕನ್ನಡದ ಕಥೋಲಿಕರು ಕೇಳಿದ್ದು ಅಭಿರುಚಿಯ ಮಾತಲ್ಲ, ಮಹಾಸಭೆಯೇ ಒಪ್ಪಿದ ಹಕ್ಕಿನ ಮಾತು. ಅದನ್ನು ಜಗಳಗಂಟತನವೆಂದು ತಳ್ಳಿಹಾಕುವುದು ಅನ್ಯಾಯ. ಅಂತೆಯೇ, ದುಡಿಮೆಗಾಗಿ ದೂರದಿಂದ ಬಂದ ಕುಟುಂಬವೊಂದು ತನ್ನ ತಾಯ್ನುಡಿಯಲ್ಲಿ ಪಾಪನಿವೇದನೆ ಮಾಡಬಯಸಿದರೆ ಅದನ್ನು ನಾಡದ್ರೋಹವೆನ್ನುವುದೂ ಅನ್ಯಾಯ. ಹಕ್ಕು ನ್ಯಾಯವಾದದ್ದೇ ಆಗಿದ್ದರೂ, ಅದನ್ನು ಕೇಳುವ ಬಗೆಯಲ್ಲಿ ಪ್ರೀತಿ ಉಳಿದಿದೆಯೇ ಎಂಬುದನ್ನು ಫ್ರಾನ್ಸಿಸ್‌ರವರ ಮೊದಲ ನೋಟ ಕೇಳುತ್ತದೆ. ಪ್ರೀತಿಯ ಹೆಸರಿನಲ್ಲಿ ನ್ಯಾಯವನ್ನು ಮುಂದೂಡುತ್ತಿದ್ದೇವೆಯೇ ಎಂಬುದನ್ನು ಪೌಲರು ಕೇಳುತ್ತಾರೆ. ಎರಡು ಪ್ರಶ್ನೆಗಳೂ ಒಟ್ಟಿಗೇ ಇರಬೇಕು.

ಇನ್ನೊಂದು ಉದಾಹರಣೆಯೂ ನಮ್ಮಲ್ಲಿಯೇ ಇದೆ. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು 1967ರಲ್ಲಿ ಸ್ಥಾಪನೆಯಾಗಿ, ಅದರ ನಿರ್ದೇಶಕರಾಗಿದ್ದ ಫಾದರ್ ಡಿ. ಎಸ್. ಅಮಲೋರ್ಪವದಾಸ್‌ರವರ ನೇತೃತ್ವದಲ್ಲಿ ಭಾರತೀಯ ರೀತಿಯ ಆರಾಧನೆಗಾಗಿ ಶ್ರಮಿಸಿತು. ಕೈಮುಗಿದು ನಮಿಸುವುದು, ಆರತಿ, ಎಣ್ಣೆಯ ದೀಪ, ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು ಮುಂತಾದ 12 ಅಂಶಗಳಿಗೆ 1969ರ ಏಪ್ರಿಲ್‌ನಲ್ಲಿ ರೋಮಿನ ಅನುಮತಿ ದೊರೆಯಿತು. ಕೆಲವರು ಇದನ್ನು ಅನ್ಯಧರ್ಮದ ಅನುಕರಣೆಯೆಂದು ಹೌಹಾರಿದರು. ಕೆಲವರು ಇದು ಮೇಲ್ವರ್ಗದ ಸಂಸ್ಕೃತಿಯೇ ಹೊರತು ದಲಿತ ಕ್ರೈಸ್ತರ ಬದುಕಿಗೆ ಸಂಬಂಧಪಟ್ಟದ್ದಲ್ಲ ಎಂದರು. ಮೊದಲನೆಯ ಆಕ್ಷೇಪ ಬಹುಪಾಲು ರೂಢಿಯ ಅಂಜಿಕೆ. ಎರಡನೆಯದು ಕೊರಿಂಥದ ಹಸಿದವನ ಧ್ವನಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ತಕ್ಕಡಿ ಸುಳ್ಳಾಗುತ್ತದೆ. ಇಂದು ಗುರುಗಳು ಆರತಿ ಎತ್ತಿದರೆ ಎಷ್ಟೋ ಧರ್ಮಕೇಂದ್ರಗಳಲ್ಲಿ ಯಾರೂ ಬೆಚ್ಚುವುದಿಲ್ಲ. ರೂಢಿಯ ಅಂಜಿಕೆಯನ್ನು ಕಾಲ ಕರಗಿಸಬಲ್ಲದು. ನ್ಯಾಯದ ಹಸಿವು ಕಾಲದಿಂದ ತಾನಾಗಿ ತೀರದು, ಯಾರಾದರೂ ಬಡಿಸಲೇಬೇಕು.

ಕುಟುಂಬಗಳು ಮಾಡಬಹುದಾದದ್ದು

ಪ್ರಬೋಧನೆ ತೋರಿಸದೆ ಬಿಟ್ಟ ಮೂರನೆಯ ಉತ್ತರವನ್ನು ಬರೆಯಬೇಕಾದವರು ಬಹುಶಃ ನಾವೇ. ಗುರುಗಳ ಪಾಲಿನ ಕೆಲಸ ಗುರುಗಳಿಗಿದೆ: ಸಿದ್ಧತೆ ಮಾಡಿಕೊಂಡು ಬರುವುದು, ಹೇಳಬೇಕಾದ ಒಂದು ಮಾತನ್ನು ಹೇಳಿ ಮುಗಿಸುವುದು, ಪೀಠದಿಂದ ಯಾರ ಮೇಲೂ ಹಗೆ ತೀರಿಸಿಕೊಳ್ಳದಿರುವುದು, ಕೆಳಗಿಳಿದ ಮೇಲೆ ಕೇಳುವ ಕಿವಿಯನ್ನೂ ಇಟ್ಟುಕೊಂಡಿರುವುದು. ಕುಟುಂಬಗಳ ಪಾಲಿನ ಕೆಲಸವೂ ಸಣ್ಣದಲ್ಲ.

ಶನಿವಾರ ಸಂಜೆ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಮಾರನೆಯ ದಿನದ ಶುಭಸಂದೇಶವನ್ನು ಮನೆಯವರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಉತ್ತ ನೆಲದ ಮೇಲೆ ಬಿದ್ದ ಬೀಜಕ್ಕೂ ಬಂಡೆಯ ಮೇಲೆ ಬಿದ್ದ ಬೀಜಕ್ಕೂ ಇರುವ ವ್ಯತ್ಯಾಸ ಬೀಜದ್ದಲ್ಲ. ಭಾನುವಾರ ತಿಂಡಿಯ ಹೊತ್ತಿಗೆ ಪ್ರಬೋಧನೆ ಹೇಗಿತ್ತು ಎಂಬುದರ ಬದಲು, ಅದು ನಮ್ಮಿಂದ ಏನು ಕೇಳಿತು ಎಂದು ಮಕ್ಕಳನ್ನು ಕೇಳಿರಿ. ನಿಮ್ಮ ಧರ್ಮಕೇಂದ್ರದಲ್ಲಿ ಭಾಷೆ, ಗಾನವೃಂದ, ಹಬ್ಬದ ಮೆರವಣಿಗೆ ಇತ್ಯಾದಿಗಳ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ, ಅದು ನನ್ನ ಅಭಿರುಚಿಯ ಪ್ರಶ್ನೆಯೋ ಯಾರದೋ ಹಸಿವಿನ ಪ್ರಶ್ನೆಯೋ ಎಂದು ಮೊದಲು ವಿಂಗಡಿಸಿರಿ. ಅಭಿರುಚಿಯದಾದರೆ ಬಿಟ್ಟುಕೊಡಿರಿ. ಹಸಿವಿನದಾದರೆ, ಹಸಿದವನ ಪರವಾಗಿ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಎದ್ದುನಿಂತು ಸೌಮ್ಯವಾಗಿ, ಆದರೆ ಬಿಡದೆ ಮಾತನಾಡಿರಿ. ಸಮಾಧಾನವನ್ನು ಹಂಚುವ ಹೊತ್ತಿನಲ್ಲಿ ನಾವು ಬಲಕ್ಕೂ ಎಡಕ್ಕೂ ತಿರುಗಿ ಕೈಮುಗಿಯುತ್ತೇವೆ. ಯಾರ ಕಡೆಗೆ ತಿರುಗದೆ ತಪ್ಪಿಸಿಕೊಂಡೆವೋ ಆ ಮುಖವನ್ನು ನೆನಪಿಟ್ಟುಕೊಂಡು, ವಾರದ ದಿನಗಳಲ್ಲಿ ಒಮ್ಮೆ ಆ ಮನೆಯ ಬಾಗಿಲು ತಟ್ಟಿರಿ.

ಸರೋವರದ ದಡದಲ್ಲಿ ಪೇತ್ರನಿಗೆ ಪ್ರಭು ಕೇಳಿದ್ದು ನೀನು ಚೆನ್ನಾಗಿ ಬೋಧಿಸಬಲ್ಲೆಯಾ ಎಂದಲ್ಲ, ನೀನು ಯಾರ ಕಡೆಯವನು ಎಂದೂ ಅಲ್ಲ. ಆ ಒಂದೇ ಪ್ರಶ್ನೆಯನ್ನು ಪ್ರತಿ ಭಾನುವಾರ ಬೋಧಿಸುವವನೂ ಕೇಳುವವನೂ ತಮಗೆ ತಾವೇ ಹಾಕಿಕೊಂಡರೆ, ನಮ್ಮ ತಕ್ಕಡಿ ಸರಿಯಾಗುತ್ತದೆ. ಅದರಲ್ಲಿ ಮೊದಲು ತೂಗಲ್ಪಡುವವರು ನಾವೇ ಆಗಿರುತ್ತೇವೆ. ಪ್ರಭು ನಮ್ಮ ಧರ್ಮಕೇಂದ್ರಗಳಿಗೆ ನ್ಯಾಯವನ್ನು ಬಿಟ್ಟುಕೊಡದ ಐಕ್ಯವನ್ನೂ, ಐಕ್ಯವನ್ನು ಒಡೆಯದ ನ್ಯಾಯವನ್ನೂ ದಯಪಾಲಿಸಲಿ.